ಕೀಲು ಕೆಟ್ಟರೆ ಕದವನ್ನೇಕೆ ಎಸೆಯಬೇಕು?



ಪರಿಸರದ ವಿಚಾರವೆಂದೊಡನೆ ಕಾಡು, ನದಿ, ಅಣೆಕಟ್ಟು, ಗಣಿ, ಹೆದ್ದಾರಿ ಇವು ನೆನಪಿಗೆ ಬರುತ್ತವೆ. ಬಾಗಿಲಿನ ಕೀಲು, ಕಿಟಕಿಯ ಹಿಡಿಕೆ, ಸವೆದ ಚಿಲಕ ಇಂತಹ ಸಣ್ಣ ವಸ್ತುಗಳು ಸಭೆಯ ವಿಷಯವಾಗುವುದು ವಿರಳ. ಅವು ಮನೆಯ ಯಜಮಾನನಿಗೂ ಬಡಿಗನಿಗೂ ಬಿಟ್ಟ ಮಾತೆಂಬ ಭಾವನೆಯಿದೆ. ಆದರೆ ಒಂದು ಕೀಲು ಕೆಟ್ಟಿತೆಂದು ಇಡೀ ಕಿಟಕಿಯನ್ನೇ ಕಿತ್ತೆಸೆಯುವ ಪದ್ಧತಿ ಊರೂರಿಗೆ ಹರಡಿದರೆ ಅದರ ಭಾರವನ್ನು ಹೊರುವುದು ಮತ್ತೆ ಆ ಕಾಡೇ, ಆ ನದಿಯೇ, ಗಣಿಯ ಮಗ್ಗುಲಿನ ಆ ಊರೇ. ಈ ಸಂಬಂಧವನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಬಿಡಿಸಿ ನೋಡುವುದು ಈ ಉಪನ್ಯಾಸದ ಉದ್ದೇಶ.

ಮಲೆನಾಡಿಗೂ ಬಯಲಿಗೂ ಒಂದೇ ನೀರು

ಮಲೆನಾಡಿನ ಸಭೆಯಲ್ಲಿ ಬಯಲುಸೀಮೆಯ ಮಾತೇಕೆ ಎಂಬ ಪ್ರಶ್ನೆ ಸಹಜ. ಉತ್ತರವನ್ನು ಮಲಪ್ರಭೆಯೇ ಹೇಳುತ್ತಾಳೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಘಟ್ಟದಲ್ಲಿ ಹುಟ್ಟುವ ಈ ನದಿ ಎಂ.ಕೆ. ಹುಬ್ಬಳ್ಳಿಯನ್ನು ಮುಟ್ಟಿ, ಸಂಗೊಳ್ಳಿಯ ದಡವನ್ನು ಸವರಿ, ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಅಲ್ಲಿಂದ ಬಿಟ್ಟ ನೀರು ರಾಮದುರ್ಗವನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಣಕುಂಬಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿದರೆ, ರಾಮದುರ್ಗದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಘಟ್ಟದ ಮಳೆಯನ್ನು ನಂಬಿ ಬಯಲು ಬದುಕಿದೆ.

ನೀರಿನಂತೆಯೇ ಮರವೂ ಘಟ್ಟದಿಂದಲೇ ಇಳಿದು ಬಂದಿದೆ. ಕಪ್ಪು ಎರೆಮಣ್ಣಿನ ಬಯಲಿನಲ್ಲಿ ಬೇವು, ಜಾಲಿ ಬೆಳೆಯುತ್ತವೆ. ಆದರೆ ವಾಡೆಯ ಹೆಬ್ಬಾಗಿಲಿಗೆ ಬೇಕಾದ ಅಗಲವಾದ ಸಾಗವಾನಿ ಹಲಗೆ ಅಲ್ಲಿ ದೊರೆಯುವುದಿಲ್ಲ. ಅದು ಹಳಿಯಾಳ, ದಾಂಡೇಲಿ, ಖಾನಾಪುರದ ಕಾಡುಗಳಿಂದ ಬರಬೇಕಾಗಿತ್ತು. ಅಳ್ನಾವರದಿಂದ ದಾಂಡೇಲಿಗೆ ಬ್ರಿಟಿಷರ ಕಾಲದಲ್ಲಿ ರೈಲುಮಾರ್ಗ ಹಾಕಿದ್ದೂ ಮುಖ್ಯವಾಗಿ ನಾಟಾ ಮತ್ತು ಅದಿರಿನ ಸಾಗಣೆಗಾಗಿಯೇ. ಅದೇ ಕಾಡಿನ ಉಳಿದ ಭಾಗ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ 2015ರಲ್ಲಿ ಕಾಳಿಯ ಹೆಸರು ಪಡೆಯಿತು. ಖಾನಾಪುರದ ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು. ಬಯಲಿನ ಹಳೆಯ ಮನೆಯೊಂದರ ಕದ ಇನ್ನೂ ತಿರುಗುತ್ತಿದೆಯೆಂದರೆ, ಘಟ್ಟದಲ್ಲಿ ಇನ್ನೊಂದು ಮರ ನಿಂತಿರಲು ಅಷ್ಟರಮಟ್ಟಿಗೆ ಅವಕಾಶ ದೊರೆತಿದೆ ಎಂದೇ ಅರ್ಥ.

ಹಳೆಯ ಕದದ ವಿವೇಕ

ಕಿತ್ತೂರಿನ ಕೋಟೆ 1824ರ ಯುದ್ಧದ ನಂತರ ಹಾಳಾಯಿತು. ಅರಮನೆಯ ಗೋಡೆಗಳ ಅವಶೇಷಗಳು ಉಳಿದಿವೆ. ಕೋಟೆಯ ಆವರಣದಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಕೆತ್ತನೆಯ ಮರದ ಬಾಗಿಲುಗಳನ್ನು ಕಾಣಬಹುದು. ಸೀಮೆಯ ಹಳೆಯ ವಾಡೆಗಳಲ್ಲಿ ಇಂತಹ ಕದಗಳು ಕಬ್ಬಿಣದ ಬಿಜಾಗರಿಯನ್ನೇ ಅವಲಂಬಿಸಿರಲಿಲ್ಲ. ಕದದ ಒಂದು ಅಂಚಿನಲ್ಲಿ ಮೇಲೂ ಕೆಳಗೂ ಗೂಟವನ್ನು ಉಳಿಸಿಕೊಂಡು, ಕೆಳಗಿನ ಗೂಟವನ್ನು ಕಲ್ಲಿನ ಕುಳಿಯಲ್ಲಿಯೂ ಮೇಲಿನದನ್ನು ಚೌಕಟ್ಟಿನ ತೂತಿನಲ್ಲಿಯೂ ಕೂಡಿಸುತ್ತಿದ್ದರು. ಕದದ ಪೂರ್ತಿ ಭಾರ ನೇರವಾಗಿ ಕಲ್ಲಿನ ಮೇಲೆ ಇಳಿಯುತ್ತಿತ್ತು. ಕುಳಿಗೆ ವರ್ಷಕ್ಕೊಮ್ಮೆ ಎಣ್ಣೆ ಬಿಟ್ಟರೆ ಸಾಕಾಗುತ್ತಿತ್ತು. ಗೂಟ ಸವೆದರೆ ಬಡಿಗನು ಅದಷ್ಟನ್ನೇ ಕೊರೆದು ಹೊಸ ತುಂಡನ್ನು ಬೆಸೆಯುತ್ತಿದ್ದನು. ಒಳಗಿನಿಂದ ಹಾಕುವ ಅಗಳಿ ಗೋಡೆಯ ರಂಧ್ರದಲ್ಲಿ ಸರಿಯುವ ಒಂದು ತೊಲೆಯಷ್ಟೇ.

ಈ ಏರ್ಪಾಟಿನ ಸಾರವೇನು? ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತಿತ್ತು. ಪ್ರತಿಯೊಂದನ್ನೂ ಬೇರೆಯಾಗಿ ಬಿಚ್ಚಬಹುದಾಗಿತ್ತು. ಬಿಚ್ಚಿದ್ದನ್ನು ಮರಳಿ ಮಾಡಬಲ್ಲ ಬಡಿಗೇರರೂ ಕಮ್ಮಾರರೂ ಅದೇ ಊರಿನಲ್ಲಿದ್ದರು. ಸವದತ್ತಿ, ರಾಮದುರ್ಗದ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಗೋಡೆ, ಸಣ್ಣ ಕಿಟಕಿ, ಮೇಲ್ಛಾವಣಿಯ ಬೆಳಕಿಂಡಿ ಸೇರಿ ಬೇಸಿಗೆಯ ಉರಿಯನ್ನು ಹೊರಗೇ ತಡೆಯುತ್ತಿದ್ದವು.

ಮನೆ ಬದಲಾಗಿದೆ. ಗೋಡೆ ತೆಳುವಾಗಿ ಕಿಟಕಿ ದೊಡ್ಡದಾಗಿದೆ. ಕಾಡಿನ ಸಾಗವಾನಿ ದುಬಾರಿ. ಹೊರದೇಶದ ಮರವೂ ಸುಲಭವಲ್ಲ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ಮರದ ಜಾಗಕ್ಕೆ ಅಲ್ಯುಮಿನಿಯಂ ಬಂದಿತು, ಅದರ ಹಿಂದೆಯೇ ಯುಪಿವಿಸಿ ಎಂಬ ಗಡಸು ಪ್ಲಾಸ್ಟಿಕ್ ಬಂದಿತು. ಹೆದ್ದಾರಿಯ ಪಕ್ಕದ ಕಟ್ಟಡಗಳಲ್ಲಿ, ಹವಾನಿಯಂತ್ರಣವಿರುವ ಕೊಠಡಿಗಳಲ್ಲಿ ಶಬ್ದವನ್ನೂ ಶಾಖವನ್ನೂ ತಡೆಯಲೆಂದು ಜೋಡಿ ಗಾಜಿನ ಕಿಟಕಿ ಬಾಗಿಲುಗಳನ್ನು ಕೂಡಿಸುವುದು ಈಗ ರೂಢಿಗೆ ಬರುತ್ತಿದೆ. ಇವು ಕೆಟ್ಟಾಗ ಏನು ಮಾಡಬೇಕೆಂಬುದು ಮಾತ್ರ ಊರಿನ ತಿಳಿವಳಿಕೆಗೆ ಇನ್ನೂ ಇಳಿದಿಲ್ಲ.

ಜೋಡಿ ಗಾಜಿನ ಒಳಗುಟ್ಟು

ಜೋಡಿ ಗಾಜಿನ ಕೆಲಸ ಮಾಡುವುದು ಗಾಜಲ್ಲ, ಎರಡು ಗಾಜುಗಳ ನಡುವೆ ಸಿಕ್ಕಿಬಿದ್ದ ಗಾಳಿ. ಒಂಟಿ ಗಾಜಿನ ಮೂಲಕ ಹಾಯುವ ಶಾಖದ ಅರ್ಧದಷ್ಟು ಮಾತ್ರ ಜೋಡಿ ಗಾಜಿನ ಮೂಲಕ ಹಾಯುತ್ತದೆ. ಎರಡು ಗಾಜುಗಳ ಅಂಚಿನಲ್ಲಿ ಸುತ್ತಲೂ ಟೊಳ್ಳಾದ ಲೋಹದ ಪಟ್ಟಿಯಿರುತ್ತದೆ. ಅದರೊಳಗೆ ತೇವವನ್ನು ಹೀರುವ ಸಣ್ಣ ಮಣಿಗಳಿರುತ್ತವೆ. ಹೊರಗಿನಿಂದ ಅಂಟಿನ ಮುದ್ರೆ ಹಾಕಿ ಗಾಳಿಯನ್ನು ಬಂಧಿಸಿರುತ್ತಾರೆ.

ಆದರೆ ಗಾಜಿಗೆ ಭಾರವಿದೆ. ಒಂದು ಮಿ.ಮೀ. ದಪ್ಪದ ಗಾಜು ಒಂದು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. 5 ಮಿ.ಮೀ. ದಪ್ಪದ ಎರಡು ಗಾಜುಗಳಿದ್ದರೆ ಚದರ ಮೀಟರಿಗೆ 25 ಕಿಲೋ. ಕೀಲುಗಳ ಮೇಲೆ ಬೀಳುವ ಹೊರೆ ಒಂಟಿ ಗಾಜಿನ ಎರಡರಷ್ಟು. ಇದರ ಜೊತೆಗೆ ಬಿಸಿಲಿನ ಆಟವೂ ಸೇರುತ್ತದೆ. ಎರಡು ಮೀಟರ್ ಉದ್ದದ ಯುಪಿವಿಸಿ ಪಟ್ಟಿಯ ಉಷ್ಣತೆ 30 ಡಿಗ್ರಿ ಏರಿದರೆ ಅದು ನಾಲ್ಕು ಮಿ.ಮೀ.ಗಿಂತ ಹೆಚ್ಚು ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯುಮಿನಿಯಂ ಸುಮಾರು ಒಂದೂವರೆ ಮಿ.ಮೀ. ಹಿಗ್ಗುತ್ತದೆ. ಮರವು ಎಳೆಯ ಉದ್ದಕ್ಕೆ ಬಿಸಿಲಿಗೆ ಹಿಗ್ಗುವುದು ಅತ್ಯಲ್ಪ. ಅದು ಉಬ್ಬುವುದು ತೇವಕ್ಕೆ, ಅದೂ ಅಡ್ಡಲಾಗಿ. ಆದುದರಿಂದ ಮಳೆಗಾಲದಲ್ಲಿ ಮರದ ಕದ ಬಿಗಿಯುತ್ತದೆ, ಬೇಸಿಗೆಯ ಮಧ್ಯಾಹ್ನ ಪ್ಲಾಸ್ಟಿಕ್ ಕದ ಬಿಗಿಯುತ್ತದೆ. ಕದ ಯಾವ ಕಾಲದಲ್ಲಿ, ಯಾವ ಹೊತ್ತಿನಲ್ಲಿ ಬಿಗಿಯಿತೆಂಬುದನ್ನು ಗಮನಿಸಿದರೆ ಅರ್ಧ ಕಾರಣ ತಿಳಿದಂತೆಯೇ.

ಬೀಗದ ವ್ಯವಸ್ಥೆಯೂ ಹಳೆಯ ಚಿಲಕದಂತಲ್ಲ. ಹಿಡಿಕೆಯನ್ನು ತಿರುಗಿಸಿದಾಗ ಅದರ ಹಿಂದಿನ ಚೌಕಾಕಾರದ ಕಡ್ಡಿ ಕದದೊಳಗಿನ ಸಣ್ಣ ಹಲ್ಲುಗಾಲಿ ಪೆಟ್ಟಿಗೆಯನ್ನು ತಿರುಗಿಸುತ್ತದೆ. ಆ ಪೆಟ್ಟಿಗೆ ಕದದ ಅಂಚಿನಲ್ಲಿ ಅಡಗಿರುವ ಉದ್ದನೆಯ ಸಲಾಕೆಯನ್ನು ಮೇಲೆ ಕೆಳಗೆ ಸರಿಸುತ್ತದೆ. ಸಲಾಕೆಗೆ ಅಂಟಿದ ಅಣಬೆಯಾಕಾರದ ಗುಬ್ಬಿಗಳು ಚೌಕಟ್ಟಿನ ಕೊಂಡಿಗಳಲ್ಲಿ ಸಿಕ್ಕಿಕೊಂಡು ಕದವನ್ನು ಹಲವು ಕಡೆಗಳಲ್ಲಿ ಏಕಕಾಲಕ್ಕೆ ಬಿಗಿಯುತ್ತವೆ. ಗುಬ್ಬಿಗೂ ಕೊಂಡಿಗೂ ನಡುವಿನ ಹೊಂದಿಕೆ ಎರಡು ಮೂರು ಮಿ.ಮೀ. ತಪ್ಪಿದರೂ ಸಾಕು, ಹಿಡಿಕೆ ತಿರುಗಲು ಒಲ್ಲೆನ್ನುತ್ತದೆ.

ಲಕ್ಷಣ ಒಂದೆಡೆ, ರೋಗ ಇನ್ನೊಂದೆಡೆ

ಕೃಷಿಕರಿಗೆ ಈ ಮಾತು ಹೊಸದಲ್ಲ. ಅಡಿಕೆಯ ಸೋಗೆ ಹಳದಿಯಾದರೆ ಸೋಗೆಗೆ ಮದ್ದು ಹೊಡೆಯುವವನು ಸೋಲುತ್ತಾನೆ. ಬುಡದಲ್ಲಿ ನೀರು ನಿಂತಿದೆಯೇ ಎಂದು ಬಸಿಗಾಲುವೆಯನ್ನು ನೋಡುವವನು ಗೆಲ್ಲುತ್ತಾನೆ. ಕಿಟಕಿಯ ವಿಷಯದಲ್ಲಿಯೂ ಹಾಗೆಯೇ. ಹಿಡಿಕೆ ಬಿಗಿಯಾಯಿತೆಂದು ಹಿಡಿಕೆಯನ್ನು ಬದಲಿಸುವವರು ಬಹಳ. ಬಲವಂತವಾಗಿ ತಿರುಗಿಸಿ ಹಲ್ಲುಗಾಲಿ ಪೆಟ್ಟಿಗೆಯನ್ನು ಮುರಿಯುವವರು ಇನ್ನೂ ಬಹಳ. ಮೂಲದೋಷ ಮಾತ್ರ ಅನೇಕ ಸಲ ಎದುರು ಅಂಚಿನ ಕೀಲಿನಲ್ಲಿರುತ್ತದೆ.

ಇದನ್ನು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕದವನ್ನು ಪೂರ್ತಿ ತೆರೆದಿಟ್ಟು ಹಿಡಿಕೆಯನ್ನು ತಿರುಗಿಸಬೇಕು. ತೆರೆದಾಗ ಸರಾಗವಾಗಿ ತಿರುಗಿ ಮುಚ್ಚಿದಾಗ ಮಾತ್ರ ಬಿಗಿಯಾದರೆ ಬೀಗ ಚೆನ್ನಾಗಿಯೇ ಇದೆ. ಕದ ಜೋತಿದೆ ಇಲ್ಲವೇ ಸರಿದಿದೆ. ತೆರೆದಾಗಲೂ ಬಿಗಿಯಾಗಿದ್ದರೆ ದೋಷ ಪೆಟ್ಟಿಗೆಯಲ್ಲಿದೆ ಅಥವಾ ಸಲಾಕೆಯ ಹಾದಿಯಲ್ಲಿ ಮಣ್ಣು ತುಂಬಿದೆ. ಹಿಡಿಕೆ ಸಡಿಲವಾಗಿ ಸುಮ್ಮನೆ ಸುತ್ತುತ್ತಿದ್ದರೆ ಒಳಗಿನ ಕಡ್ಡಿ ಸವೆದಿದೆ ಅಥವಾ ಹಿಡಿಕೆಯನ್ನು ಹಿಡಿದ ತಿರುಪು ಕಳಚಿದೆ. ಈ ಮೂರು ಪ್ರಶ್ನೆಗಳನ್ನು ಕೇಳದೆ ಅಂಗಡಿಗೆ ಹೋಗಬಾರದು.

ದುರಸ್ತಿಯ ಕ್ರಮ

ಮೊದಲನೆಯದು ಶುಚಿ. ಎರೆಮಣ್ಣಿನ ಸೀಮೆಯ ನುಣುಪು ಧೂಳು ಎಣ್ಣೆಯೊಡನೆ ಬೆರೆತರೆ ಉಜ್ಜುವ ಕಾಗದದಂತೆ ಲೋಹವನ್ನು ತಿನ್ನುತ್ತದೆ. ಸಲಾಕೆ, ಗುಬ್ಬಿ, ಕೀಲುಗಳ ಹಳೆಯ ಜಿಡ್ಡನ್ನು ಬಟ್ಟೆಯಿಂದ ಒರೆಸಿ ತೆಗೆದ ಮೇಲೆಯೇ ಹೊಲಿಗೆ ಯಂತ್ರದ ತೆಳುವಾದ ಎಣ್ಣೆಯನ್ನು ಒಂದೆರಡು ಹನಿ ಬಿಡಬೇಕು. ಕೀಲಿಕೈ ಹೋಗುವ ರಂಧ್ರಕ್ಕೆ ಎಣ್ಣೆ ಹಾಕಲೇಬಾರದು. ಅಲ್ಲಿಗೆ ಪೆನ್ಸಿಲ್ ಸೀಸದ ನುಣ್ಣನೆಯ ಪುಡಿ ಉತ್ತಮ. ಅಂಚಿನ ರಬ್ಬರ್ ಪಟ್ಟಿಗಳಿಗೂ ಎಣ್ಣೆ, ಗ್ರೀಸ್ ಸೋಕಿಸದೆ ಸೋಪಿನ ನೀರಿನಲ್ಲಿ ತೊಳೆದರೆ ಅವು ಹೆಚ್ಚು ಕಾಲ ಬಾಳುತ್ತವೆ.

ಹಿಡಿಕೆಯನ್ನು ಬದಲಿಸುವುದು ಎಲ್ಲಕ್ಕಿಂತ ಸುಲಭ. ಹಿಡಿಕೆಯ ಬುಡದ ಮುಚ್ಚಳವನ್ನು ಸರಿಸಿದರೆ ಎರಡು ತಿರುಪುಗಳು ಕಾಣುತ್ತವೆ. ಬಿಚ್ಚುವ ಮೊದಲೇ ಮೂರು ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು: ಎರಡು ತಿರುಪುಗಳ ನಡುವಿನ ಅಂತರ (ಕಿಟಕಿಗಳಲ್ಲಿ ಸಾಮಾನ್ಯವಾಗಿ 43 ಮಿ.ಮೀ.), ಚೌಕ ಕಡ್ಡಿಯ ದಪ್ಪ (ಸಾಮಾನ್ಯವಾಗಿ 7 ಮಿ.ಮೀ.) ಮತ್ತು ಆ ಕಡ್ಡಿ ಹೊರಚಾಚಿರುವ ಉದ್ದ. ಹಳೆಯ ಹಿಡಿಕೆಯನ್ನೇ ಅಂಗಡಿಗೆ ಒಯ್ಯುವುದು ಇನ್ನೂ ಒಳಿತು.

ಬಾಗಿಲಿನ ಬೀಗದ ಕೊಳವೆಯನ್ನು ಬದಲಿಸಲು ಬಾಗಿಲನ್ನು ಒಡೆಯಬೇಕಾಗಿಲ್ಲ. ಬಾಗಿಲಿನ ಅಂಚಿನಲ್ಲಿ ಕೀಲಿರಂಧ್ರದ ಮಟ್ಟಕ್ಕೆ ಸರಿಯಾಗಿ ಒಂದು ಉದ್ದ ತಿರುಪು ಇರುತ್ತದೆ. ಅದನ್ನು ಬಿಚ್ಚಿ, ಕೀಲಿಕೈಯನ್ನು ಹಾಕಿ ಸ್ವಲ್ಪವೇ ತಿರುಗಿಸಿದಾಗ ಒಳಗಿನ ನಾಲಗೆ ಕೊಳವೆಯ ಮೈಯೊಳಗೆ ಅಡಗುತ್ತದೆ. ಆಗ ಕೊಳವೆ ಸಲೀಸಾಗಿ ಹೊರಬರುತ್ತದೆ. ತಿರುಪಿನ ತೂತಿನ ಮಧ್ಯದಿಂದ ಎರಡೂ ತುದಿಗಳಿಗೆ ಬೇರೆ ಬೇರೆಯಾಗಿ ಅಳೆಯಬೇಕು, ಏಕೆಂದರೆ ಒಳಬದಿಯೂ ಹೊರಬದಿಯೂ ಒಂದೇ ಅಳತೆಯಲ್ಲಿರಬೇಕೆಂದಿಲ್ಲ. ಹೊಸದು ಹೊರಗೆ ಹೆಚ್ಚು ಚಾಚಿಕೊಂಡಿದ್ದರೆ ಕಳ್ಳನಿಗೆ ಹಿಡಿದು ಮುರಿಯಲು ಅನುಕೂಲ. ಅದು ಬಾಗಿಲಿನ ಫಲಕದ ಮಟ್ಟಕ್ಕೇ ಇರಬೇಕು.

ಜೋತ ಕದವನ್ನು ಎತ್ತುವ ಕೆಲಸದಲ್ಲಿ ತಾಳ್ಮೆ ಬೇಕು. ಮೊದಲು ಕದವನ್ನು ಮುಚ್ಚಿ ನಾಲ್ಕೂ ಬದಿಯ ಸಂದನ್ನು ನೋಡಬೇಕು. ಮೇಲೆ ಹಿಡಿಕೆಯ ಬದಿಯಲ್ಲಿ ಸಂದು ಹಿಗ್ಗಿ, ಕೆಳಗೆ ಅದೇ ಬದಿಯಲ್ಲಿ ಕದ ಚೌಕಟ್ಟಿಗೆ ಉಜ್ಜುತ್ತಿದ್ದರೆ ಕದ ಜೋತಿದೆ. ಕೀಲಿನ ತಿರುಪು ಸಡಿಲಾಗಿದ್ದರೆ ಬಿಗಿಯಬೇಕು. ಬಾಗಿಲಿನ ಕೆಲವು ಬಗೆಯ ಕೀಲುಗಳಲ್ಲಿ ಆರುಮೂಲೆಯ ಕೀಲಿಯಿಂದ ಎತ್ತರವನ್ನೂ ಅಡ್ಡ ಸ್ಥಾನವನ್ನೂ ಹೊಂದಿಸುವ ವ್ಯವಸ್ಥೆಯಿರುತ್ತದೆ; ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಕಿಟಕಿಯ ಮೇಲೂ ಕೆಳಗೂ ಇರುವ ಕತ್ತರಿಯಾಕಾರದ ಕೀಲುಗಳು ಬಾಗಿದ್ದರೆ ಒಂದನ್ನೇ ಬದಲಿಸಿದರೆ ಸಾಲದು, ಜೋಡಿಯನ್ನೇ ಬದಲಿಸಬೇಕು. ಇಲ್ಲದಿದ್ದರೆ ಹೊಸದರ ಮೇಲೆ ಹಳೆಯದರ ಭಾರ ಬೀಳುತ್ತದೆ.

ಕೀಲು ಸರಿಯಿದ್ದೂ ಕದ ಜೋತಿದ್ದರೆ ಗಾಜಿನ ಅಂಚಿನಲ್ಲಿ ಇಟ್ಟಿರುವ ಪ್ಲಾಸ್ಟಿಕ್ ಬೆಣೆಗಳು ಜಾರಿವೆ ಎಂದು ತಿಳಿಯಬೇಕು. ಗಾಜಿನ ಭಾರವನ್ನು ಕೀಲಿನ ಬದಿಯ ಕೆಳಮೂಲೆಗೆ ಇಳಿಸುವುದು ಈ ಬೆಣೆಗಳ ಕೆಲಸ. ಒಂದು ಬೆಣೆ ಕೀಲಿನ ಬದಿಯ ಕೆಳಗೆ, ಇನ್ನೊಂದು ಹಿಡಿಕೆಯ ಬದಿಯ ಮೇಲೆ, ಹೀಗೆ ಕರ್ಣರೇಖೆಯಲ್ಲಿ ಕೂಡಿಸಿದಾಗ ಗಾಜೇ ಕದಕ್ಕೆ ಆನಿಕೆಯಾಗಿ ನಿಲ್ಲುತ್ತದೆ. ಹೊಲದ ಗೇಟಿಗೆ ಮೂಲೆಯಿಂದ ಮೂಲೆಗೆ ಅಡ್ಡಪಟ್ಟಿ ಹೊಡೆಯುವ ಬಡಿಗನ ವಿದ್ಯೆಯೇ ಇದು. ಈ ಒಂದು ಸೂತ್ರವನ್ನು ಬಲ್ಲವನು ಕಸದ ಪಾಲಾಗಲಿದ್ದ ಹಲವು ಕಿಟಕಿಗಳನ್ನು ಉಳಿಸಬಲ್ಲನು.

ಎರಡು ಗಾಜುಗಳ ನಡುವೆ ಮಂಜು ಕಟ್ಟಿದರೆ ಅಂಚಿನ ಮುದ್ರೆ ಒಡೆದು ತೇವದ ಗಾಳಿ ಒಳನುಗ್ಗಿದೆ ಎಂದರ್ಥ. ಅದನ್ನು ಒರೆಸಲು ಬರುವುದಿಲ್ಲ. ಹಾಗೆಂದು ಚೌಕಟ್ಟನ್ನು ಕೀಳುವ ಅಗತ್ಯವೂ ಇಲ್ಲ. ಒಳಬದಿಯ ಪಟ್ಟಿಗಳನ್ನು ಬಿಚ್ಚಿ ಜೋಡಿ ಗಾಜಿನ ಫಲಕವನ್ನಷ್ಟೇ ಬದಲಿಸಬಹುದು. ಅಗಲ, ಎತ್ತರ, ಒಟ್ಟು ದಪ್ಪ ಈ ಮೂರನ್ನು ಸರಿಯಾಗಿ ಕೊಡಬೇಕು, ಏಕೆಂದರೆ ಗಡಸುಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಲಾಗದು. ಮುದ್ರೆ ಒಡೆಯಲು ಒಂದು ದೊಡ್ಡ ಕಾರಣವೆಂದರೆ ಚೌಕಟ್ಟಿನ ಕೆಳಭಾಗದ ಬಸಿರಂಧ್ರಗಳು ಕಟ್ಟಿಕೊಳ್ಳುವುದು. ನೀರು ಒಳಗೇ ನಿಂತು ಗಾಜಿನ ಬುಡ ಸದಾ ನೆನೆಯುತ್ತದೆ. ತೋಟದ ಬಸಿಗಾಲುವೆಯನ್ನು ಮುಂಗಾರಿಗೆ ಮೊದಲು ಬಿಡಿಸುವಂತೆ ಈ ರಂಧ್ರಗಳನ್ನೂ ಮೇ ತಿಂಗಳಲ್ಲಿ ತೆಳುವಾದ ಕಡ್ಡಿಯಿಂದ ಬಿಡಿಸಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೀಲನ್ನು ಬಿಚ್ಚುವ ಮೊದಲು ಕದದ ಅಡಿಗೆ ಮರದ ಬೆಣೆ ಕೊಟ್ಟು ಭಾರವನ್ನು ಹಿಡಿಯಬೇಕು. ಕೈಗವಸು ಇರಬೇಕು, ಇಬ್ಬರಿರಬೇಕು. ಮಾಳಿಗೆಯ ಮೇಲಂತಸ್ತಿನ ಕಿಟಕಿಯನ್ನು ಹೊರಗಿನಿಂದ ಬಿಚ್ಚುವ ಸಾಹಸವನ್ನು ಪಳಗಿದವರಿಗೇ ಬಿಡಬೇಕು.

ನೆರೆಯ ನಂತರ

2019ರ ಆಗಸ್ಟ್‌ನಲ್ಲಿ ಘಟ್ಟದ ಮೇಲೆ ಸುರಿದ ಮಳೆ ಮಲಪ್ರಭೆಯನ್ನು ಉಕ್ಕಿಸಿತು. ನವಿಲುತೀರ್ಥದ ಜಲಾಶಯ ತುಂಬಿ ಅಪಾರ ನೀರನ್ನು ಕೆಳಗೆ ಬಿಡಬೇಕಾಯಿತು. ಮುನವಳ್ಳಿಯೂ ರಾಮದುರ್ಗವೂ ನದಿದಡದ ಹಳ್ಳಿಗಳೂ ಜಲಾವೃತವಾದವು. ನೇಕಾರರ ಮಗ್ಗಗಳು ಕೆಸರಿನಲ್ಲಿ ಮುಳುಗಿದವು, ಮಣ್ಣಿನ ಗೋಡೆಗಳು ಕುಸಿದವು. 2009ರ ಅಕ್ಟೋಬರ್ ಮೊದಲ ವಾರದ ನೆರೆಯನ್ನು ಕಂಡ ಉತ್ತರ ಕರ್ನಾಟಕಕ್ಕೆ ಹತ್ತು ವರ್ಷದಲ್ಲಿ ಇದು ಇನ್ನೊಂದು ಪೆಟ್ಟು.

ನೆರೆಯಲ್ಲಿ ಗೋಡೆ ಹೋದರೂ ಕದ ಉಳಿಯುವುದುಂಟು. ಗೋಡೆಯನ್ನು ಮತ್ತೆ ಕಟ್ಟುವಾಗ ಆ ಹಳೆಯ ಕದವೇ ಕುಟುಂಬಕ್ಕೆ ಉಳಿದ ದೊಡ್ಡ ಆಸ್ತಿ. ನೀರು ಇಳಿದ ಮೊದಲ ವಾರದಲ್ಲಿ ಅವಸರದಿಂದ ಮಾಡುವ ಕೆಲವು ಕೆಲಸಗಳು ಅದನ್ನೂ ಹಾಳುಮಾಡುತ್ತವೆ. ನೆನೆದು ಉಬ್ಬಿದ ಕದವನ್ನು ಬಲವಂತವಾಗಿ ಎಳೆದರೆ ಕೀಲಿನ ತಿರುಪುಗಳು ಮರವನ್ನು ಸೀಳುತ್ತವೆ. ಬಿರುಬಿಸಿಲಿಗೆ ಇಟ್ಟರೆ ಒಂದು ಮೈ ಬೇಗ ಒಣಗಿ ಹಲಗೆ ಬಳುಕುತ್ತದೆ. ಬಿಗಿಯಾಯಿತೆಂದು ಆಗಲೇ ಉಜ್ಜುಗೊರಡು ಹಿಡಿದು ಹೆರೆದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ.

ಸರಿಯಾದ ಕ್ರಮ ನಿಧಾನದ್ದು. ಕೀಲು, ಚಿಲಕಗಳನ್ನು ಬಿಚ್ಚಿ ಬೇರೆ ಇಡಬೇಕು. ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ಕದವನ್ನೂ ಬೀಗವನ್ನೂ ಸ್ವಚ್ಛ ನೀರಿನಲ್ಲಿ ತೊಳೆಯಬೇಕು. ಕದವನ್ನು ನೆರಳಿನಲ್ಲಿ, ಸಮತಟ್ಟಾದ ತುಂಡುಗಳ ಮೇಲೆ, ಎರಡೂ ಮೈಗೆ ಗಾಳಿಯಾಡುವಂತೆ ಮಲಗಿಸಿ ವಾರಗಟ್ಟಲೆ ಒಣಗಲು ಬಿಡಬೇಕು. ಹೆರೆಯುವ ಮಾತು ದೀಪಾವಳಿ ಕಳೆದ ಮೇಲೆ. ತಿರುಪಿನ ಹಳೆಯ ತೂತು ಸಡಿಲಾಗಿದ್ದರೆ ಗಟ್ಟಿ ಬಿದಿರಿನ ಚಕ್ಕೆಯನ್ನು ಅಂಟು ಸವರಿ ಬಡಿದು ಸಮಮಾಡಿದರೆ ಅದೇ ತೂತು ಮತ್ತೆ ತಿರುಪನ್ನು ಹಿಡಿಯುತ್ತದೆ. ಯುಪಿವಿಸಿ ಚೌಕಟ್ಟಿನ ಟೊಳ್ಳುಗಳಲ್ಲಿಯೂ ನೆರೆಯ ಕೆಸರು ಸೇರುತ್ತದೆ. ಅದನ್ನು ತೊಳೆದು ಹೊರಹಾಕದಿದ್ದರೆ ಬಸಿರಂಧ್ರಗಳು ಮುಚ್ಚಿ, ಒಳಗಿರುವ ಉಕ್ಕಿನ ಪಟ್ಟಿ ತುಕ್ಕು ಹಿಡಿಯುತ್ತದೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಒಂದು ಟನ್ ಅಲ್ಯುಮಿನಿಯಂ ತಯಾರಾಗಲು ನಾಲ್ಕೈದು ಟನ್ ಬಾಕ್ಸೈಟ್ ಅದಿರು ಬೇಕು. ಅದಿರಿನಿಂದ ಎರಡು ಟನ್ ಅಲ್ಯುಮಿನಾ ದೊರೆಯುತ್ತದೆ, ಉಳಿದದ್ದು ಕ್ಷಾರಭರಿತ ಕೆಂಪು ಕೆಸರಾಗಿ ರಾಶಿ ಬೀಳುತ್ತದೆ. ಬೆಳಗಾವಿಯ ಯಮನಾಪುರದಲ್ಲಿಯೇ ಅಲ್ಯುಮಿನಾ ಕಾರ್ಖಾನೆಯಿರುವುದರಿಂದ ಈ ಸೀಮೆಯ ವಿದ್ಯಾರ್ಥಿಗಳಿಗೆ ಇದು ಪಠ್ಯಪುಸ್ತಕದ ದೂರದ ಸಂಗತಿಯಲ್ಲ. ಅಲ್ಯುಮಿನಾವನ್ನು ಲೋಹವಾಗಿಸಲು ಕಿಲೋ ಒಂದಕ್ಕೆ ಸುಮಾರು 14 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ಆ ವಿದ್ಯುತ್ತಿಗಾಗಿ ಎಲ್ಲಿಯೋ ಕಲ್ಲಿದ್ದಲು ಉರಿದಿರುತ್ತದೆ, ಇಲ್ಲವೇ ಕಣಿವೆಯೊಂದು ಮುಳುಗಿರುತ್ತದೆ. ಕಾಳಿ, ಶರಾವತಿಯ ದಡದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಾಜು ಕರಗಲು 1500 ಡಿಗ್ರಿಯಷ್ಟು ಶಾಖ ಬೇಕು.

ಅಲ್ಯುಮಿನಿಯಂ ಗುಜರಿಗೆ ಹೋದರೆ ಮೊದಲಿನ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲಿನಲ್ಲಿ ಮರಳಿ ಲೋಹವಾಗುತ್ತದೆ, ಅದು ನಿಜ. ಯುಪಿವಿಸಿಯ ಗತಿ ಹಾಗಲ್ಲ. ಅದನ್ನು ಬೇರ್ಪಡಿಸಿ ಕರಗಿಸುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿಲ್ಲ. ಬಯಲಲ್ಲಿ ಸುಟ್ಟರೆ ಕ್ಲೋರಿನ್ ಕೂಡಿದ ವಿಷಾನಿಲ ಹೊರಡುತ್ತದೆ. ಜೋಡಿ ಗಾಜನ್ನು ಅಂಟು, ಲೋಹ, ಮಣಿಗಳಿಂದ ಬಿಡಿಸುವುದು ಕಷ್ಟವಾದುದರಿಂದ ಅದು ಹಳ್ಳದ ದಂಡೆಯನ್ನೇ ಸೇರುತ್ತದೆ. ಒಂದು ಮುಷ್ಟಿಯಲ್ಲಿ ಹಿಡಿಯುವ ಹಲ್ಲುಗಾಲಿ ಪೆಟ್ಟಿಗೆಗಾಗಿ ಇಷ್ಟೆಲ್ಲ ನಡೆಯಬೇಕೆ?

ಶಾಖವನ್ನು ತಡೆಯುವ ಜೋಡಿ ಗಾಜು ಪರಿಸರಕ್ಕೆ ಹಿತವೆಂದು ಮಾರಾಟಗಾರರು ಹೇಳುತ್ತಾರೆ. ಹವಾನಿಯಂತ್ರಣವಿರುವ ಕಟ್ಟಡದಲ್ಲಿ ಅದು ವಿದ್ಯುತ್ತನ್ನು ಉಳಿಸುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಉಳಿತಾಯದ ಲೆಕ್ಕ ಕಿಟಕಿ ಬಾಳಿದಷ್ಟು ವರ್ಷಗಳ ಮೇಲೆ ನಿಂತಿದೆ. ಒಂದು ಹಿಡಿಕೆಗಾಗಿ ಕೆಲವೇ ವರ್ಷಗಳಲ್ಲಿ ಕಿತ್ತ ಕಿಟಕಿ ತಾನು ತಿಂದ ಶಕ್ತಿಯನ್ನು ಮರಳಿ ಕೊಟ್ಟಿರುವುದಿಲ್ಲ. ಗಾಳಿಗೆ ಕಿಟಕಿ ತೆರೆದೇ ಬದುಕುವ ಹಳ್ಳಿಯ ಮನೆಗೆ ಅದು ಬೇಕೇ ಎಂಬುದನ್ನಂತೂ ಕೊಳ್ಳುವ ಮೊದಲೇ ಯೋಚಿಸಬೇಕು.

ಮಾಡಬೇಕಾದುದು

ದುರಸ್ತಿ ನಿಂತುಹೋಗಲು ಜನರ ಸೋಮಾರಿತನವೊಂದೇ ಕಾರಣವಲ್ಲ. ಬಿಡಿಭಾಗ ದೊರೆಯುವುದಿಲ್ಲ, ದೊರೆತರೂ ಅಳತೆ ಕೂಡುವುದಿಲ್ಲ, ಕೂಡಿದರೂ ಹಾಕಬಲ್ಲವರು ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯನ್ನು ನೇಮಿಸಿತು. ಕೃಷಿ ಉಪಕರಣ, ಮೊಬೈಲ್ ಫೋನ್, ಗೃಹಬಳಕೆಯ ಸಾಮಗ್ರಿ, ವಾಹನ ಈ ನಾಲ್ಕು ಕ್ಷೇತ್ರಗಳನ್ನು ಅದು ಆರಿಸಿಕೊಂಡಿತು. ಕಿಟಕಿ ಬಾಗಿಲುಗಳು ಆ ಪಟ್ಟಿಯಲ್ಲಿಲ್ಲ. ಆದರೆ ತತ್ತ್ವ ಒಂದೇ: ಮಾರಿದವನು ಬಿಡಿಭಾಗವನ್ನೂ ಮಾಹಿತಿಯನ್ನೂ ಕೊಡಬೇಕು. ಕಿಟಕಿ ಕೊಳ್ಳುವಾಗಲೇ ಹಿಡಿಕೆ, ಬೀಗ, ಕೀಲುಗಳ ಅಳತೆಯನ್ನು ರಸೀದಿಯ ಮೇಲೆ ಬರೆಸಿಕೊಳ್ಳುವುದು ಪ್ರತಿಯೊಬ್ಬರಿಗೂ ಸಾಧ್ಯ.

ಕೈಕಸುಬಿನವರಿಗೂ ದಾರಿಯಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನ, ಕಮ್ಮಾರಿಕೆಗಳ ಜೊತೆಗೆ ಬೀಗ ತಯಾರಿಕೆಯೂ ಸೇರಿದೆ. ತರಬೇತಿಯೂ ಉಪಕರಣಗಳಿಗೆ 15,000 ರೂಪಾಯಿಯವರೆಗಿನ ನೆರವೂ ಅದರಲ್ಲಿವೆ. ಉಳಿ, ಕೊಡಲಿಯ ಜೊತೆಗೆ ಆರುಮೂಲೆಯ ಕೀಲಿಯನ್ನೂ ಅಳತೆಯ ಮಾಪಕವನ್ನೂ ಹಿಡಿಯಬಲ್ಲ ಬಡಿಗೇರ ಯುವಕನಿಗೆ ಬೈಲಹೊಂಗಲದಂತಹ ಪೇಟೆಯಲ್ಲಿ ಕೆಲಸಕ್ಕೆ ಕೊರತೆಯಾಗಲಾರದು. ಮರದ ಕದವನ್ನು ಬಲ್ಲವನಿಗೆ ಗಾಜಿನ ಕದ ಕಲಿಯುವುದು ಕಷ್ಟವಲ್ಲ. ಭಾರ ಎಲ್ಲಿ ಬೀಳುತ್ತದೆ ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಬಹಳ ಸರಳವಾದದ್ದು. ತಮ್ಮ ಊರಿನ ಶಾಲೆ, ಪಂಚಾಯಿತಿ ಕಚೇರಿ, ಅಂಗನವಾಡಿ, ಆಸ್ಪತ್ರೆಗಳ ಬಾಗಿಲು ಕಿಟಕಿಗಳನ್ನು ಒಂದೊಂದಾಗಿ ತೆರೆದು ಮುಚ್ಚಿ ನೋಡಿ, ಯಾವುದು ಜೋತಿದೆ, ಯಾವುದರ ಹಿಡಿಕೆ ಸಡಿಲಾಗಿದೆ, ಯಾವುದನ್ನು ತಂತಿ ಕಟ್ಟಿ ನಿಲ್ಲಿಸಲಾಗಿದೆ ಎಂಬುದನ್ನು ಅಳತೆಯೊಂದಿಗೆ ಒಂದು ವಹಿಯಲ್ಲಿ ಬರೆಯಬೇಕು. ಆ ವಹಿಯನ್ನು ಗ್ರಾಮಸಭೆಯ ಮುಂದಿಡಬೇಕು. ಹೊಸ ಬಾಗಿಲಿಗೆ ಟೆಂಡರ್ ಕರೆಯುವ ಮೊದಲು ಹಳೆಯದಕ್ಕೆ ಬೇಕಾಗಿರುವುದು ನಾಲ್ಕು ತಿರುಪುಗಳೇ ಅಥವಾ ಒಂದು ಜೊತೆ ಕೀಲುಗಳೇ ಎಂದು ಸಭೆಯಲ್ಲಿ ಕೇಳುವಷ್ಟು ತಿಳಿವಳಿಕೆ ಅದರಿಂದ ಹುಟ್ಟುತ್ತದೆ.

ಘಟ್ಟದವರು ಕಾಡನ್ನು ಕಾಯುತ್ತಾರೆ, ಬಯಲಿನವರು ಬಳಸುತ್ತಾರೆ ಎಂಬ ವಿಂಗಡಣೆ ನ್ಯಾಯವಾದುದಲ್ಲ. ಕಾಂಕ್ರೀಟು, ಅಲ್ಯುಮಿನಿಯಂ, ಪ್ಲಾಸ್ಟಿಕ್ ಘಟ್ಟದ ಮನೆಗಳನ್ನೂ ಹೊಕ್ಕಿವೆ. ಆದುದರಿಂದ ಕೆಲಸವೂ ಎರಡೂ ಕಡೆ ನಡೆಯಬೇಕು. ಮಳೆಗಾಲ ಹತ್ತಿರವಿದೆ. ಈ ವಾರ ಪ್ರತಿ ಮನೆಯಲ್ಲಿಯೂ ಬಸಿರಂಧ್ರಗಳನ್ನು ಬಿಡಿಸಿ, ಕೀಲುಗಳನ್ನು ಒರೆಸಿ, ಸಡಿಲಾದ ತಿರುಪುಗಳನ್ನು ಬಿಗಿದರೆ ಅದೇ ಈ ವಿಚಾರದ ಮೊದಲ ಆಚರಣೆ. ಅದಕ್ಕೆ ಬೇಕಾಗುವುದು ಒಂದು ತಿರುಪುಳಿ, ಒಂದು ಚಿಂದಿ ಬಟ್ಟೆ, ಅರ್ಧ ದಿನದ ಬಿಡುವು.